ಅಮ್ಮ ಇಷ್ಟವೋ, ಅಪ್ಪ ಇಷ್ಟವೋ

ಆ ಮನೆಯ ಜಗಳ ನನ್ನ ಮೇಜಿಗೆ ಬಂದದ್ದು ನನಗೆ ಕನ್ನಡ ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ. ಸ್ಟುಟ್‌ಗಾರ್ಟ್‌ನ ಕುಟುಂಬ ಸಲಹಾ ಕೇಂದ್ರವೊಂದರಲ್ಲಿ ನನ್ನ ಕೆಲಸ. ವಿಚ್ಛೇದನ ಆದಮೇಲೂ ಮಗುವಿಗಾಗಿ ಕಿತ್ತಾಡುವವರನ್ನು ಕೋರ್ಟು ನಮ್ಮ ಕಡೆಗೆ ಅಟ್ಟುತ್ತದೆ. ಥೆರಪಿ ಮಾಡಿಸಿಕೊಳ್ಳಿ ಎಂದು ಬಲವಂತ ಮಾಡುವ ಅಧಿಕಾರ ಇಲ್ಲಿನ ನ್ಯಾಯಾಧೀಶರಿಗೂ ಇಲ್ಲ. ಹೋಗಿ ಕೂತು ಮಾತಾಡಿ ಎಂದು ಆದೇಶ ಕೊಡಬಹುದು, ಮಗುವನ್ನು ನೋಡುವುದಾದರೆ ಮೂರನೆಯವರ ಎದುರಿಗೇ ನೋಡಿ ಎನ್ನಬಹುದು. ಆ ಮೂರನೆಯವಳು ನಾನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂದು ಗಾದೆ ಮಾಡಿದವರಿಗೆ, ಪಾಪ, ವಕೀಲರ ಪರಿಚಯ ಇರಲಿಲ್ಲ. ನಮ್ಮಂಥವರ ಪರಿಚಯವಂತೂ ಇಲ್ಲವೇ ಇಲ್ಲ.

ತಂದೆ ತಾಯಿ ಇಬ್ಬರೂ ಮೈಸೂರಿನವರು. ತಾಯಿ ಮಗಳ ಜೊತೆ ಇದೇ ಊರಿನ ಫೊಯರ್‌ಬಾಕ್ ಬಡಾವಣೆಯಲ್ಲಿದ್ದಳು, ಸಾಫ್ಟ್‌ವೇರ್ ಕೆಲಸ. ತಂದೆ ವಿಚ್ಛೇದನದ ನಂತರ ರೈಲಿನಲ್ಲಿ ಕೆಲವು ಗಂಟೆ ದೂರದ ರೇಗನ್ಸ್‌ಬರ್ಗ್‌ಗೆ ಹೋಗಿ ಅಲ್ಲಿನ ಚಿಪ್ ಫ್ಯಾಕ್ಟರಿ ಸೇರಿದ್ದ. ಮಗಳು ಮೂರನೇ ಕ್ಲಾಸು. ಎರಡು ವಾರಕ್ಕೊಮ್ಮೆ ಅಪ್ಪನ ಮನೆ ಎಂಬ ಏರ್ಪಾಡು ಒಂದಷ್ಟು ಕಾಲ ನಡೆದಿತ್ತು. ಒಂದು ಭಾನುವಾರ ಸಂಜೆ ರೈಲು ರದ್ದಾಗಿ ಅವನು ಮಗುವನ್ನು ಸೋಮವಾರ ತಂದುಬಿಟ್ಟ. ಅಷ್ಟರಲ್ಲಿ ತಾಯಿ ಪೊಲೀಸರಿಗೆ ಹೇಳಿಯಾಗಿತ್ತು. ಅಲ್ಲಿಂದ ಮುಂದೆ ಅವಳು ಮಗುವನ್ನು ಕಳಿಸಲಿಲ್ಲ, ಅವನು ಕೋರ್ಟಿಗೆ ಹೋದ.

ಮೊದಲ ಭೇಟಿಯಲ್ಲೇ ತಾಯಿ ನನ್ನನ್ನು 'ಅಕ್ಕಾ' ಅಂದಳು. ಈ ಕೆಲಸದಲ್ಲಿ ನಮ್ಮ ಕಡೆಯವರು ಬಂದರೆ ನನಗೆ ಮೊದಲು ಭಯವಾಗುವುದು ಈ 'ಅಕ್ಕಾ'ಗೆ. ಅದರೊಳಗೆ ಅರ್ಧ ತೀರ್ಪು ಬರೆದಿಟ್ಟಿರುತ್ತಾರೆ.

"ಅಕ್ಕಾ, ನೀವು ನಮ್ಮವರು, ನಿಮಗೆ ಬಿಡಿಸಿ ಹೇಳ್ಬೇಕಾ? ಫ್ಲೈಟ್ ಹತ್ತಿಸ್ಕೊಂಡು ಇಂಡಿಯಾಗೆ ಹೋಗ್ಬಿಟ್ರೆ ಇಲ್ಲಿನ ಕೋರ್ಟು ಏನ್ ಮಾಡಕ್ಕಾಗುತ್ತೆ ಹೇಳಿ?"

ಅವಳ ಭಯ ಸುಳ್ಳಲ್ಲ. ಒಬ್ಬರು ಎತ್ತಿಕೊಂಡು ಹೋದ ಮಗುವನ್ನು ಹಿಂತಿರುಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿನ ಕುಟುಂಬ ನ್ಯಾಯಾಲಯಗಳಿಗೆ ಅದು ಚೆನ್ನಾಗಿ ಗೊತ್ತು. ಮಗುವಿನ ಪಾಸ್‌ಪೋರ್ಟು ಆಗಲೇ ಅವಳ ವಕೀಲರ ಕಪಾಟು ಸೇರಿತ್ತು.

ತಂದೆ ನನ್ನನ್ನು 'ಮೇಡಂ' ಅಂದ. "ಮೇಡಂ, ಟ್ರೈನ್ ಕ್ಯಾನ್ಸಲ್ ಆದ್ರೆ ನಾನೇನ್ ಮಾಡ್ಲಿ? ಎಷ್ಟ್ ಸಲ ಕಾಲ್ ಮಾಡ್ದೆ ಗೊತ್ತಾ? ನಂಬರ್ ಬ್ಲಾಕ್ ಮಾಡಿದಾಳೆ. ಮಗು ಮುಂದೆ ಪೊಲೀಸ್ ಬಂದ್ರು ಮೇಡಂ, ಮಗು ಮುಂದೆ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಒಬ್ಬರು ಸುಳ್ಳು ಹೇಳಿದರೆ ನಮ್ಮ ಕೆಲಸ ಎಷ್ಟೋ ಸಲೀಸು.

ಭೇಟಿಯ ಕ್ರಮ ಹೀಗೆ. ತಾಯಿ ಹಿಂದಿನ ಬಾಗಿಲಿಂದ ಮಗುವನ್ನು ತಂದು ಬಿಟ್ಟು ಹೊರಟುಹೋಗಬೇಕು. ಅವಳು ಬೀದಿ ತಿರುವು ದಾಟಿದ ಮೇಲೆ ತಂದೆ ಮುಂಬಾಗಿಲಿಂದ ಬರಬೇಕು. ಮುಗಿದ ಮೇಲೆ ಮೊದಲು ತಂದೆ ಹೋಗಬೇಕು. ಫೋಟೋ ಇಲ್ಲ, ಫೋನ್ ಇಲ್ಲ, ತಾಯಿಯ ಬಗ್ಗೆ ವಿಚಾರಣೆ ಇಲ್ಲ, ರಜೆಗೆ ಕರೆದುಕೊಂಡು ಹೋಗುತ್ತೇನೆ ಎಂಬ ಆಸೆ ತೋರಿಸುವುದಿಲ್ಲ. ಆಡುವ ಭಾಷೆ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಅರ್ಥವಾಗಬೇಕು. ಅದಕ್ಕೇ ನಾನು ಮೂಲೆಯ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಏನೇನು ಮಾತಾಯಿತು, ಮಗು ಹೇಗಿತ್ತು ಎಂದು ಬರೆದುಕೊಳ್ಳುತ್ತಿದ್ದೆ. ಆ ಟಿಪ್ಪಣಿಯೇ ಆಮೇಲೆ ಕೋರ್ಟಿಗೆ ವರದಿಯಾಗುತ್ತದೆ. ತಂದೆ ತಾಯಿಯರ ಜೊತೆಗಿನ ಬೈಠಕ್ಕುಗಳನ್ನು ನಾನೂ ನನ್ನ ಹಿರಿಯ ಜರ್ಮನ್ ಸಹೋದ್ಯೋಗಿಯೂ ಸೇರಿ ಬೇರೆ ದಿನ ನಡೆಸುತ್ತಿದ್ದೆವು.

ಮೊದಲ ಸಲ ಹುಡುಗಿ ಜಾಕೆಟ್ ಬಿಚ್ಚಲಿಲ್ಲ, ಬ್ಯಾಗೂ ಇಳಿಸಲಿಲ್ಲ. ಅಪ್ಪ ಎಷ್ಟೋ ತಿಂಗಳ ಮೇಲೆ ಮಗಳನ್ನು ನೋಡಿ ಕೇಳಿದ್ದೇನು? "ಊಟ ಆಯ್ತಾ ಕಂದಾ?" ಅವಳು "ಯಾ", ಹೌದು, ಅಂದಳು. ಮಾತು ಅಲ್ಲಿಗೆ ಮುಗಿಯಿತು. ಅವನು ಆಡಿದ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಅವಳ ಉತ್ತರವೆಲ್ಲ ಜರ್ಮನ್. ಅವನ ಜರ್ಮನ್ ಅಂಗಡಿಗೂ ಆಫೀಸಿನ ಫಾರಂಗೂ ಸಾಕಾಗುವಷ್ಟು. ಅವಳು ವೇಗವಾಗಿ ಏನಾದರೂ ಅಂದರೆ ಅವನು ನನ್ನ ಮುಖ ನೋಡುತ್ತಿದ್ದ. ನನಗೆ ಅನುವಾದ ಮಾಡುವ ಅನುಮತಿ ಇತ್ತು, ಮಾಡುತ್ತಿದ್ದೆ. ತನ್ನ ಮಗಳ ಮಾತನ್ನು ಬೇರೆಯವಳ ಬಾಯಿಂದ ಕೇಳುವ ಅವನನ್ನು ಕಂಡು ಪಾಪ ಅನ್ನಿಸುತ್ತಿತ್ತು.

ಆದರೂ ದಾರಿ ಸಿಕ್ಕಿತು. ಫ್ಯಾಕ್ಟರಿಯಲ್ಲಿ ಅವನು ಮೈಯೆಲ್ಲ ಮುಚ್ಚುವ ಬಿಳಿ ಸೂಟು ಹಾಕಿಕೊಂಡೇ ಒಳಗೆ ಹೋಗಬೇಕಂತೆ. ಒಂದು ಕೂದಲು ಬಿದ್ದರೂ ಎಲ್ಲ ಹಾಳಂತೆ. ಒಮ್ಮೆ ಸೀನು ಬಂದಾಗ ಏನು ಮಾಡಿದ ಎಂದು ನಟಿಸಿ ತೋರಿಸಿದ. ಹುಡುಗಿ ನಕ್ಕಳು. ಮುಂದಿನ ಸಲ ಜಾಕೆಟ್ ಬಂದ ತಕ್ಷಣ ಗೂಟ ಸೇರಿತು. ಅವನು ಮಾಡಿ ತಂದ ಕೋಡುಬಳೆಯನ್ನು ಮೂಸಿ ನೋಡಿ, ಖಾರವಾ ಎಂದು ಜರ್ಮನ್‌ನಲ್ಲಿ ಕೇಳಿ, ಒಂದು ತಿಂದು, ಆಮೇಲೆ ಡಬ್ಬಿಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ಇಬ್ಬರೂ ನೆಲದ ಮೇಲೆ ಕೂತು ಗೋಲಿ ಉರುಳುವ ಮರದ ದಾರಿ ಕಟ್ಟುತ್ತಿದ್ದರು. ಇನ್ನು ಕೆಲವು ಭೇಟಿ ಹೀಗೇ ನಡೆದರೆ ನಾನಿಲ್ಲದೆ ಭೇಟಿ ಮಾಡಬಹುದು ಎಂದು ಬರೆಯುವ ಯೋಚನೆಯಲ್ಲಿದ್ದೆ. ಈ ಕೆಲಸದಲ್ಲಿ ನನಗೆ ಖುಷಿ ಸಿಗುವುದೇ 'ನಾನಿಲ್ಲದೆ' ಎಂದು ಬರೆಯುವಾಗ.

ಆಗ ಅವನು ಒಂದು ಬೇಡಿಕೆ ಇಟ್ಟ. ಮೈಸೂರಿನಲ್ಲಿ ಅವನ ತಾಯಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಮೊಮ್ಮಗಳ ಮುಖ ನೋಡಬೇಕು ಅಂತಾರೆ, ವಿಡಿಯೋದಲ್ಲಿ ಸ್ವಲ್ಪ ಹೊತ್ತು ಮಾತ್ರ, ಎಂದ. ಬೇಡ ಅಂದೆ. ಆದೇಶದಲ್ಲಿ ಅಜ್ಜಿ ಇಲ್ಲ, ಫೋನೂ ಇಲ್ಲ. ಸಹೋದ್ಯೋಗಿ ಒಪ್ಪಲಿಲ್ಲ. ಅಜ್ಜಿ ಎಂದರೆ ಮಗುವಿನ ಬೇರು, ಬೇರು ಕತ್ತರಿಸಬಾರದು ಎಂದರು. ಮಗುವಿನ ಪರವಾಗಿ ಮಾತಾಡಲೆಂದೇ ಕೋರ್ಟು ನೇಮಿಸಿದ್ದ ವಕೀಲೆಯೂ ಹೌದು ಹೌದು ಎಂದರು. ಆಶ್ಚರ್ಯವೆಂದರೆ ತಾಯಿಯೂ ಒಪ್ಪಿದಳು, ಊರಿಗೆ ಕರೆಯಬಾರದು, ತನ್ನ ಸುದ್ದಿ ಎತ್ತಬಾರದು ಎಂಬ ಷರತ್ತಿನ ಮೇಲೆ. ಎಲ್ಲರೂ ಒಪ್ಪಿದ ಮೇಲೆ ನನ್ನೊಬ್ಬಳದ್ದೇನು?

ಅಜ್ಜಿ ಪರದೆಯ ಮೇಲೆ ಬಂದರು. ಕಪ್ಪು ಕನ್ನಡಕ, ಹಣೆ ತುಂಬ ಕುಂಕುಮ. "ಏನ್ ಪುಟ್ಟಾ ಇಷ್ಟುದ್ದ ಆಗ್ಬಿಟ್ಟಿದೀಯ! ಜಡೆ ಯಾಕ್ ಹಾಕಿಲ್ಲ? ಹಲ್ಲು ತೋರ್ಸು, ಬಿದ್ದಿರೋದು ಬಂತಾ?" ಹುಡುಗಿ ಬಾಯಿ ತೆರೆದು ತೋರಿಸಿದಳು. ಎಲ್ಲ ಚೆನ್ನಾಗಿತ್ತು. ಆಮೇಲೆ ಅಜ್ಜಿ, ನಮ್ಮ ಕಡೆಯ ಯಾವ ಅಜ್ಜಿಯಾದರೂ, ಅತ್ತೆಯಾದರೂ, ಪಕ್ಕದ ಮನೆಯವರಾದರೂ, ಮಗು ಎದುರಿಗೆ ಸಿಕ್ಕರೆ ಕೇಳುವುದನ್ನೇ ಕೇಳಿದರು.

"ಎಲ್ಲಿ ಹೇಳು ನೋಡೋಣ, ನಿಂಗೆ ಅಮ್ಮ ಇಷ್ಟಾನೋ, ಅಪ್ಪ ಇಷ್ಟಾನೋ?"

ಕೇಳಿ ಬಾಯ್ತುಂಬ ನಕ್ಕರು. ನನ್ನನ್ನೂ ಹಾಗೆ ಕೇಳಿದ್ದಾರೆ, ನಿಮ್ಮನ್ನೂ ಕೇಳಿರುತ್ತಾರೆ. ಅಮ್ಮ ಎದುರಿಗಿದ್ದರೆ ಅಮ್ಮ, ಅಪ್ಪನ ಕೈಯಲ್ಲಿ ಚಾಕಲೇಟು ಇದ್ದರೆ ಅಪ್ಪ, ಜಾಣ ಮಕ್ಕಳಾದರೆ ಇಬ್ಬರೂ. ಎಲ್ಲರೂ ನಕ್ಕು, ಕೆನ್ನೆ ಹಿಂಡಿ ಮರೆತುಬಿಡುತ್ತಾರೆ. ಆ ಪ್ರಶ್ನೆ ಬರಬಹುದು ಎಂದು ನನಗಾಗಲಿ ಆ ತಂದೆಗಾಗಲಿ ಹೊಳೆಯದೆ ಹೋಗಿದ್ದು ಅದು ನಮಗೆ ಪ್ರಶ್ನೆ ಅಂತಲೇ ಅನ್ನಿಸದ ಕಾರಣಕ್ಕೆ.

ಹುಡುಗಿ ಅಜ್ಜಿಯನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನನ್ನ ಕಡೆಗೆ ತಿರುಗಿದಳು. ಆಮೇಲೆ ಎದ್ದು ಟಾಯ್ಲೆಟ್‌ಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು. ತಂದೆ ಬಾಗಿಲಿಗೆ ಹಣೆ ಒತ್ತಿ ನಿಂತು, "ಕಂದಾ, ಅಜ್ಜಿ ತಮಾಷೆ ಮಾಡಿದ್ದು ಕಣೋ, ಬಾ ಹೊರಗೆ" ಎಂದ. ಅವಳು ಒಳಗೆ ನಲ್ಲಿ ತಿರುಗಿಸಿ ಜೋರಾಗಿ ನೀರು ಬಿಟ್ಟಳು. ಕೊನೆಗೆ ಅವನನ್ನು ನಾನೇ ಹೊರಗೆ ಕಳಿಸಿದೆ. ಅಪ್ಪ ಹೋದರು ಎಂದ ಮೇಲೆ ಚಿಲಕ ತೆಗೆದಳು.

ಮುಂಬಾಗಿಲ ಹೊರಗೆ ಅವನು ನನಗಾಗಿ ಕಾಯುತ್ತಿದ್ದ. "ಮೇಡಂ, ಅದೊಂದನ್ನ ಬರೀಬೇಡಿ. ನಮ್ಮಲ್ಲಿ ಯಾರ್ ಕೇಳಲ್ಲ ಹೇಳಿ? ನಿಮ್ಗೆ ಗೊತ್ತಲ್ವಾ?"

ಗೊತ್ತಿತ್ತು. ಅಪ್ಪ ಮಗಳನ್ನು ಬಿಟ್ಟರೆ ಆ ಕಟ್ಟಡದಲ್ಲಿ ಅಜ್ಜಿಯ ಮಾತು ಅರ್ಥವಾದದ್ದು ನನಗೊಬ್ಬಳಿಗೇ. ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಗು ಅಷ್ಟು ಹೊತ್ತು ಚಿಲಕ ಹಾಕಿಕೊಂಡದ್ದನ್ನು ಬರೆಯಲೇಬೇಕು, ಕಾರಣ ಬಿಟ್ಟರೆ ಅಪ್ಪನೇ ಏನೋ ಮಾಡಿದ ಎಂದಾಗುತ್ತದೆ. ಅತ್ತ ದರಿ ಇತ್ತ ಪುಲಿ. ಬರೆದೆ. ಇದು ನಮ್ಮ ನಾಡಿನಲ್ಲಿ ಮಕ್ಕಳನ್ನು ರೇಗಿಸುವ ಮಾತು, ಇದರಲ್ಲಿ ಕೆಟ್ಟ ಉದ್ದೇಶ ಇಲ್ಲ ಎಂದು ವಿವರಿಸಿಯೂ ಬರೆದೆ.

ತಾಯಿಯ ವಕೀಲರು ನನ್ನ ವಿವರಣೆಯನ್ನು ಬಿಟ್ಟು ಪ್ರಶ್ನೆಯನ್ನಷ್ಟೇ ಎತ್ತಿಕೊಂಡರು. ತಂದೆಯ ಕಡೆಯವರು ಮಗುವಿನ ಮೇಲೆ ಒತ್ತಡ ಹೇರುತ್ತಿದ್ದಾರೆ, ಭೇಟಿ ನಿಲ್ಲಬೇಕು ಎಂದರು. ತಂದೆಯ ವಕೀಲರು, ಅಪ್ಪ ಇಷ್ಟ ಎಂದು ಹೇಳಲೂ ಮಗು ಹೆದರುತ್ತದೆ ಎಂದರೆ ತಾಯಿ ಅದರ ತಲೆ ಎಷ್ಟು ಕೆಡಿಸಿರಬೇಡ ಎಂದು ಉತ್ತರ ಬರೆದರು. ಮೈಸೂರಿನ ಒಬ್ಬ ಮುದುಕಿಯ ತಮಾಷೆಗೆ ಇಬ್ಬರು ವಕೀಲರು ಪುಟಗಟ್ಟಲೆ ಭಾಷ್ಯ ಬರೆದರು. ಭೇಟಿ ನಿಂತಿತು. ಮಗುವಿನ ಇಚ್ಛೆ ಏನು ಎಂದು ನ್ಯಾಯಾಧೀಶರೇ ಖುದ್ದಾಗಿ ಅವಳನ್ನು ಕೇಳುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ನಾನು ಅವಳೊಬ್ಬಳ ಜೊತೆ ಮಾತಾಡಿ ಅಭಿಪ್ರಾಯ ಕೊಡಬೇಕು.

ಬಂದಳು. ಬಣ್ಣದ ಪೆನ್ಸಿಲ್ ಮುಂದಿಟ್ಟೆ, ಮುಟ್ಟಲಿಲ್ಲ. ಆವತ್ತು ಅಜ್ಜಿ ಕೇಳಿದ್ದು ಬೇಜಾರಾಯಿತಾ ಎಂದೆ. ಅವಳು ಜರ್ಮನ್‌ನಲ್ಲಿ, ಏನೂ ತಿಳಿಯದ ದೊಡ್ಡವಳಿಗೆ ಪಾಠ ಹೇಳುವ ಧಾಟಿಯಲ್ಲಿ, ಹೇಳಿದಳು.

"ಅಮ್ಮನ ಕಡೆ ಅಜ್ಜಿನೂ ಫೋನಲ್ಲಿ ಯಾವಾಗ್ಲೂ ಕೇಳ್ತಾರೆ. ಅವರಿಗೆ ಅಮ್ಮ ಅಂತೀನಿ. ಈ ಅಜ್ಜಿ ಕೇಳಿದ್ರೆ ಅಪ್ಪ ಅನ್ಬೇಕು. ಅದು ಈಸಿ. ಆದ್ರೆ ನೀವು ಅಲ್ಲಿ ಕೂತ್ಕೊಂಡು ಬರ್ಕೊಳ್ತಿದ್ರಲ್ಲ."

ಅಜ್ಜಿ ಕೇಳಿದ್ದಕ್ಕೆ ಇವಳು ಹೆದರಿರಲಿಲ್ಲ. ಅಜ್ಜಿಯರನ್ನು ಸಂಭಾಳಿಸುವುದು ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬರುತ್ತದೆ, ಇವಳಿಗೂ ಬಂದಿತ್ತು. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ ಎಲ್ಲರನ್ನೂ ಖುಷಿಯಾಗಿಟ್ಟಿದ್ದಳು. ಆ ಸುಳ್ಳನ್ನು ಸಾಕ್ಷ್ಯ ಮಾಡಿದ್ದು ಮೂಲೆಯ ಕುರ್ಚಿಯಲ್ಲಿ ಕೂತ ನಾನು, ನನ್ನ ಹಲಗೆ, ನನ್ನ ಸಂಸ್ಥೆ. ಅಜ್ಜಿ ನಗುನಗುತ್ತಾ ಒಂದು ಸಲ ಕೇಳಿದ್ದನ್ನು ನಾವು ಗಂಭೀರ ಮುಖ ಮಾಡಿಕೊಂಡು, ಮಗುವಿನ ಇಚ್ಛೆ ಎಂದು ಚಂದದ ಹೆಸರಿಟ್ಟು, ಸರದಿಯ ಮೇಲೆ ಕೇಳುತ್ತಿದ್ದೆವು. ಕೇಂದ್ರದಲ್ಲಿ ಕೇಳಿದೆವು, ವಕೀಲೆ ಕೇಳಿದರು, ಇನ್ನು ನ್ಯಾಯಾಧೀಶರು ಕೇಳುತ್ತಾರೆ. ನನಗೆ ನನ್ನ ಕೆಲಸದ ಮೇಲೇ ಹೇಸಿಗೆ ಬಂತು.

ಪೆನ್ನು ಮುಚ್ಚಿಟ್ಟೆ. ಅವಳು ಏನು ಅಂದಳೆಂದು ಒಂದಕ್ಷರವನ್ನೂ ವರದಿಗೆ ಹಾಕಲಿಲ್ಲ. ಈ ಮಗುವನ್ನು ಇನ್ನು ಯಾರೂ ಕೇಳಬಾರದು, ನ್ಯಾಯಾಲಯವೂ ಕೇಳಬಾರದು, ಏನಿದ್ದರೂ ತಂದೆ ತಾಯಿಯರೇ ಕೂತು ಮಾತಾಡಿ ಮುಗಿಸಬೇಕು, ಅಷ್ಟೇ ಬರೆದೆ. ಮಗುವಿನ ವಕೀಲೆ ಫೋನ್ ಮಾಡಿ, ಮಗುವಿನ ಮಾತು ಕೇಳುವುದು ಮಗುವಿನ ಹಕ್ಕು, ಅದನ್ನು ಬೇಡ ಅನ್ನುವುದಕ್ಕೆ ನೀವು ಯಾರು ಎಂದರು. ಹಕ್ಕೋ ಹೊರೆಯೋ ಹೊತ್ತವರಿಗೆ ಗೊತ್ತು ಎಂದು ನಾನೂ ಬಿಸಿಯಾಗಿಯೇ ಅಂದೆ. ನ್ಯಾಯಾಧೀಶರು ಒಂದು ಅವಕಾಶ ಕೊಟ್ಟರು. ಇಬ್ಬರೂ ಒಪ್ಪಂದಕ್ಕೆ ಬಂದರೆ ನೋಡೋಣ, ಇಲ್ಲವಾದರೆ ಕೇಳಲೇಬೇಕು.

ತಂದೆ ತಾಯಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆವು. ಸಹೋದ್ಯೋಗಿ ಜರ್ಮನ್‌ನಲ್ಲಿ ಆರಂಭಿಸಿದರು, ಸ್ವಲ್ಪ ಹೊತ್ತಿಗೆಲ್ಲ ಇಬ್ಬರೂ ಕನ್ನಡಕ್ಕೆ ಇಳಿದರು.

"ನಾನ್ಯಾಕೆ ತಡೀಲಿ ಅಕ್ಕಾ? ಅವಳೇ ಹೋಗಲ್ಲ ಅಂತಾಳೆ. ಬೇಕಿದ್ರೆ ಅವಳನ್ನೇ ಕೇಳಿ."

"ಕೇಳ್ಲಿ ಬಿಡಿ ಮೇಡಂ. ಜಡ್ಜ್ ಮುಂದೆ ಕೇಳ್ಲಿ. ನಂಗೇನ್ ಭಯ?"

"ಸಾಕು ಮಾಡಿ" ಎಂದು ಮೇಜು ಗುದ್ದಿದೆ. ಸಲಹೆಗಾರರು ಮೇಜು ಗುದ್ದಬಾರದು, ಅದು ನಮ್ಮ ತರಬೇತಿಯ ಮೊದಲ ಪಾಠ. "ಅವಳನ್ನ ಕೇಳಿ ಕೇಳಿ ಸಾಯಿಸ್ತಿದೀರಿ. ನಿಮ್ಮಿಬ್ಬರ ಜಗಳಕ್ಕೆ ಆ ಮಗು ಪಂಚಾಯಿತಿ ಮಾಡ್ಬೇಕಾ?"

ಹುಡುಗಿ ನನ್ನ ಹತ್ತಿರ ಆಡಿದ ಮಾತನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ಪಾಸ್‌ಪೋರ್ಟು ನಿಮ್ಮ ವಕೀಲರಲ್ಲೇ ಇರಲಿ, ಭೇಟಿ ಸ್ಟುಟ್‌ಗಾರ್ಟ್‌ನಲ್ಲೇ ನಡೆಯಲಿ, ರಾತ್ರಿ ಉಳಿಯುವುದು ಬೇಡ, ತಿಂಗಳಲ್ಲೆರಡು ಶನಿವಾರ ಸಾಕು ಎಂದು ತಾಯಿಯನ್ನು ಬೇಡಿಕೊಂಡೆ. ಅವಳು ಅಳುತ್ತಾ ತಲೆ ಆಡಿಸಿದಳು. ಆಗಲ್ಲ ಎಂಬ ತಲೆಯಾಟ. "ನಿಮ್ಗೆ ಮಕ್ಕಳಿದ್ರೆ ಗೊತ್ತಾಗ್ತಿತ್ತು ಅಕ್ಕಾ." ನನಗೆ ಇಬ್ಬರು ಮಕ್ಕಳಿದ್ದಾರೆ. ಹೇಳಲು ಹೋಗಲಿಲ್ಲ.

ವಾರ ಕಳೆದಿರಬೇಕು, ತಂದೆ ಕೇಂದ್ರಕ್ಕೆ ಫೋನ್ ಮಾಡಿದ.

"ಮೇಡಂ, ನಾನ್ ಕೇಸ್ ಮುಂದುವರ್ಸಿದ್ರೆ ಅವಳನ್ನ ಕೇಳೇ ಕೇಳ್ತಾರಾ?"

"ಕೇಳ್ತಾರೆ."

"ಅಪೀಲ್ ಹೋದ್ರೆ?"

"ಅಲ್ಲೂ ಕೇಳಬಹುದು."

ಆ ಕಡೆ ಯಾವುದೋ ಮೆಷಿನ್ನಿನ ಸದ್ದು ಕೇಳುತ್ತಿತ್ತು. "ಟಾಯ್ಲೆಟಲ್ಲಿ ಚಿಲಕ ಹಾಕ್ಕೊಂಡಿದ್ಲಲ್ಲ ಮೇಡಂ, ನಂಗೆ ಅದೇ ತಲೇಲಿ ಓಡ್ತಿದೆ. ನಿಮ್ ಪ್ರಕಾರ ಕೇಳ್ಬಾರ್ದು ಅಲ್ವಾ?"

ಏನು ಮಾಡಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಚೆನ್ನಾಗಿ ಕಲಿತಿದ್ದೇನೆ. ಆದರೆ ಆವತ್ತು ನೇರವಾಗಿಯೇ, "ಕೇಳಬಾರದು" ಎಂದೆ. ಹಾಗೆಂದು ನಾನು ಮನಸಾರೆ ನಂಬಿದ್ದೆ.

ಅವನು ಅರ್ಜಿ ವಾಪಸು ತೆಗೆದುಕೊಂಡ. ಅರ್ಜಿಯೇ ಇಲ್ಲವೆಂದ ಮೇಲೆ ವಿಚಾರಣೆಯೂ ಇಲ್ಲ, ಭೇಟಿಯ ಆದೇಶವೂ ಇಲ್ಲ. ಅವನ ವಕೀಲರಿಗೆ ಅವನ ಮೇಲೂ ನನ್ನ ಮೇಲೂ ಸಿಟ್ಟು ಬಂತಂತೆ. ಸಹೋದ್ಯೋಗಿ ನನ್ನ ಭುಜ ತಟ್ಟಿ, ಒಬ್ಬರಾದರೂ ದೊಡ್ಡವರ ಹಾಗೆ ನಡೆದುಕೊಂಡರಲ್ಲ ಎಂದರು. ನನಗೂ ಹಾಗೇ ಅನ್ನಿಸಿತು. ಒಂದು ಮಗುವಿನ ತಲೆಯ ಮೇಲಿನ ಹೊರೆ ಇಳಿಸಿದೆ ಎಂಬ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕೆಲಸ ಮುಗಿಸುವಾಗ ಮಗುವಿಗೆ ವಿಷಯವನ್ನು ನಾವೇ ತಿಳಿಸಬೇಕು, ಅದು ನಮ್ಮಲ್ಲಿನ ಪದ್ಧತಿ. ತಾಯಿ ಅವಳನ್ನು ಕರೆತಂದು ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ನಾನು ಹಲಗೆಯನ್ನೂ ಪೆನ್ನನ್ನೂ ಇಟ್ಟುಕೊಳ್ಳದೆ ನೆಲದ ಮೇಲೆ ಅವಳ ಎದುರಿಗೆ ಕೂತೆ. ಕೋರ್ಟಿನ ಕೆಲಸ ಮುಗಿಯಿತು, ಅಪ್ಪ ಸದ್ಯಕ್ಕೆ ಬರುವುದಿಲ್ಲ, ಆದರೆ ಅವರಿಗೆ ನೀನೆಂದರೆ ತುಂಬ ಪ್ರೀತಿ, ಅದಕ್ಕೇ ಜಗಳ ನಿಲ್ಲಿಸಿದ್ದಾರೆ, ಇನ್ನು ಮೇಲೆ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದೆ.

"ನ್ಯಾಯಾಧೀಶರು?"

"ಅವರೂ ಕೇಳಲ್ಲ. ನೀನು ಅಲ್ಲಿಗೆ ಹೋಗೋದೇ ಬೇಡ."

ಅವಳು ಕಾರ್ಪೆಟ್ಟಿನ ದಾರ ಎಳೆಯುತ್ತಾ ಕೂತಳು. ಹಗುರಾದಳು ಎಂದುಕೊಂಡೆ.

"ಆ ಕೋಣೇಲಿ ಅಮ್ಮ ಇರಲ್ಲ, ಅಪ್ಪ ಇರಲ್ಲ, ಯಾರಿಗೂ ಕೇಳ್ಸಲ್ಲ ಅಂತ ನನ್ ವಕೀಲೆ ಹೇಳಿದ್ರು" ಎಂದಳು. "ನಾನು ಹೇಳೋದು ಪ್ರಾಕ್ಟೀಸ್ ಮಾಡ್ಕೊಂಡಿದ್ದೆ. ಎರಡು ವಾರಕ್ಕೊಂದ್ಸಲ ಅಪ್ಪನ ಮನೇಗೆ ಹೋಗ್ಬೇಕು ಅಂತ. ಮೊದಲಿನ ಥರ."

ಇಷ್ಟು ಹೊತ್ತೂ ಜರ್ಮನ್ ಆಡಿದವಳು 'ಅಪ್ಪನ ಮನೇಗೆ' ಎಂಬುದನ್ನು ಕನ್ನಡದಲ್ಲಿ ಅಂದಿದ್ದಳು.

"ಅಪ್ಪನಿಗೆ ನಾನು ಹೇಳಲಾ?" ಎಂದೆ.

"ಬೇಡ. ಹೇಳಿದ್ರೆ ಅಪ್ಪ ಮತ್ತೆ ಕೋರ್ಟಿಗೆ ಹೋಗ್ತಾರೆ. ಆಗ ಅಮ್ಮನಿಗೆ ಗೊತ್ತಾಗುತ್ತೆ, ನಾನೇ ಹೇಳಿದ್ದು ಅಂತ." ಎದ್ದು ನಿಂತು ಫ್ರಾಕಿಗೆ ಅಂಟಿದ ದಾರ ಕೊಡವಿದಳು. "ಪ್ರಾಮಿಸ್ ಮಾಡಿ."

ಮಾಡಿದೆ. ಬೇರೆ ಏನು ಮಾಡಬಹುದಿತ್ತು ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಬಾಗಿಲು ತೆಗೆದಾಗ ತಾಯಿ ಎದ್ದು ಬಂದು ಮಗಳ ಜಾಕೆಟ್ಟಿನ ಜಿಪ್ ಎಳೆದಳು, ಟೋಪಿ ಸರಿ ಮಾಡಿದಳು. ಹುಡುಗಿ ಮೆಟ್ಟಿಲಿನ ಕಡೆಗೆ ಓಡಿದ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಏನಂದ್ಲು ಅಕ್ಕಾ?"

"ಏನೂ ಅನ್ಲಿಲ್ಲ" ಎಂದೆ.